ಅಗ್ಗದ ಲ್ಯಾಪ್‌ಟಾಪಿಗೆ ಒಳ್ಳೆಯ ಪರದೆ

ಘಟಪ್ರಭೆಯ ನೀರಿನಿಂದ ಹಸುರಾದ ಕಬ್ಬಿನ ಬಯಲುಗಳ ನಡುವಣ ಕಲ್ಲೋಳಿಯು ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದು ಈಚೆಗೆ ಮೂಡಲಗಿ ತಾಲ್ಲೂಕಿಗೆ ಸೇರಿದ ಪಟ್ಟಣ. ಇಲ್ಲಿಯೂ, ಗೋಕಾಕ ಹುಕ್ಕೇರಿಗಳ ಸೀಮೆಯ ಇತರ ಊರುಗಳಲ್ಲಿಯೂ, ಒಂದು ಕಾಲಕ್ಕೆ ಬ್ಯಾಂಕು ಕಚೇರಿಗಳ ಸೊತ್ತಾಗಿದ್ದ ಗಣಕಯಂತ್ರವು ಇಂದು ಸಾಮಾನ್ಯ ಗೃಹಸ್ಥನ ಮನೆಯನ್ನು ಹೊಕ್ಕಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರವು ಉಚಿತವಾಗಿ ಹಂಚಿದ ಲ್ಯಾಪ್‌ಟಾಪುಗಳು, ಕೊರೊನಾ ಕಾಲದಲ್ಲಿ ಮಕ್ಕಳ ಪಾಠಕ್ಕೆಂದು ತಂದೆತಾಯಿಗಳು ಹಣ ಹೊಂದಿಸಿ ಕೊಂಡವು, ದೊಡ್ಡ ನಗರಗಳ ಕಂಪನಿಗಳು ಬಳಸಿ ಬಿಟ್ಟ ಮೇಲೆ ಹಳೆಯ ಸರಕಾಗಿ ಮಾರಾಟಕ್ಕೆ ಬಂದವು, ಹೀಗೆ ನಾನಾ ದಾರಿಗಳಿಂದ ಬಂದ ಅಲ್ಪಬೆಲೆಯ ಯಂತ್ರಗಳೇ ಇವುಗಳಲ್ಲಿ ಹೆಚ್ಚು. ಪತ್ತಿನ ಸಹಕಾರಿ ಸಂಘದ ಲೆಕ್ಕಿಗ, ಲಗ್ನಪತ್ರಿಕೆ ಜೋಡಿಸುವ ಡಿಟಿಪಿ ಅಂಗಡಿಯವನು, ಗ್ರಾಮ ಒನ್ ಕೇಂದ್ರದಲ್ಲಿ ರೈತರ ಅರ್ಜಿಗಳನ್ನು ತುಂಬುವ ಯುವಕ, ಸ್ಪರ್ಧಾತ್ಮಕ ಪರೀಕ್ಷೆಗಾಗಿ ರಾತ್ರಿ ಓದುವ ತರುಣಿ, ಇವರೆಲ್ಲರ ನಿತ್ಯದ ದುಡಿಮೆ ಇಂಥ ಯಂತ್ರದ ಮುಂದೆಯೇ ನಡೆಯುತ್ತದೆ.

ಇವರ ಬಾಯಲ್ಲಿ ಸಾಮಾನ್ಯವಾಗಿ ಕೇಳಬರುವ ದೂರು ಒಂದೇ: ಯಂತ್ರವು ಕೆಲಸ ಮಾಡುತ್ತದೆ, ಆದರೆ ಕಣ್ಣು ದಣಿಯುತ್ತದೆ. ಪರದೆ ಚಿಕ್ಕದು, ಬಣ್ಣ ಬಿಳುಪೇರಿದೆ, ತಲೆಯನ್ನು ಅತ್ತಿತ್ತ ಸರಿಸಿದರೆ ಚಿತ್ರದ ಛಾಯೆಯೇ ಬದಲಾಗುತ್ತದೆ, ಅಕ್ಷರಗಳ ಅಂಚು ಒಡೆದು ಕಾಣುತ್ತದೆ. ಇಷ್ಟರಿಂದಲೇ ಯಂತ್ರವು ಹಳತಾಯಿತೆಂದು ನಿರ್ಧರಿಸಿ, ಮೂವತ್ತು ನಲವತ್ತು ಸಾವಿರ ರೂಪಾಯಿಗಳನ್ನು ತೆತ್ತು ಹೊಸದನ್ನು ಕೊಳ್ಳುವವರು ಅನೇಕರು. ಯಂತ್ರದ ಬುದ್ಧಿಯು ಒಂದು ಭಾಗದಲ್ಲಿಯೂ ಅದರ ಮುಖವು ಇನ್ನೊಂದು ಭಾಗದಲ್ಲಿಯೂ ಇದ್ದು, ಬುದ್ಧಿಯನ್ನು ಕೆಡಿಸದೆ ಮುಖವನ್ನು ಮಾತ್ರ ಬದಲಿಸಬಹುದೆಂಬ ಸಂಗತಿಯನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ. ಇದಕ್ಕೆ ಮಾರ್ಗಗಳು ಎರಡು. ಮೊದಲನೆಯದು, ಲ್ಯಾಪ್‌ಟಾಪಿಗೆ ಹೊರಗಿನಿಂದ ಒಂದು ದೊಡ್ಡ ಮಾನಿಟರನ್ನು ಜೋಡಿಸುವುದು. ಎರಡನೆಯದು, ಲ್ಯಾಪ್‌ಟಾಪಿನ ಒಳಗಿರುವ ಪ್ಯಾನೆಲನ್ನೇ ತೆಗೆದು ಉತ್ತಮವಾದುದನ್ನು ಕೂಡಿಸುವುದು. ಇವೆರಡರ ಗುಣದೋಷಗಳನ್ನು, ಮುಖ್ಯವಾಗಿ ಕನ್ನಡವನ್ನು ಓದಿ ಬರೆಯುವವರ ದೃಷ್ಟಿಯಿಂದ, ವಿವೇಚಿಸುವುದು ಈ ಲೇಖನದ ಉದ್ದೇಶ.

ಪರದೆಯ ಒಳಗುಟ್ಟು

ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿರುವ ಎಲ್‌ಸಿಡಿ ಪರದೆಯು ತಾನಾಗಿ ಬೆಳಗುವ ವಸ್ತುವಲ್ಲ. ಅದರ ಒಂದು ಅಂಚಿನಲ್ಲಿ ಸಣ್ಣ ಎಲ್‌ಇಡಿ ದೀಪಗಳ ಸಾಲೊಂದಿದ್ದು, ಆ ಬೆಳಕನ್ನು ಹಿಂಬದಿಯ ಪಾರದರ್ಶಕ ಫಲಕವೊಂದು ಪರದೆಯ ಉದ್ದಗಲಕ್ಕೂ ಸಮನಾಗಿ ಹರಡುತ್ತದೆ. ಅದರ ಮುಂದೆ, ಎರಡು ಗಾಜಿನ ಹಾಳೆಗಳ ನಡುವೆ, ದ್ರವದಂತೆ ಹರಿಯಬಲ್ಲದಾದರೂ ಸ್ಫಟಿಕದಂತೆ ಅಣುಗಳ ಕ್ರಮವನ್ನು ಕಾಯ್ದುಕೊಳ್ಳುವ ದ್ರವಸ್ಫಟಿಕವೆಂಬ ದ್ರವ್ಯದ ಅತಿ ತೆಳುವಾದ ಪದರವುಂಟು. ವಿದ್ಯುತ್ತಿನ ಒತ್ತಡವನ್ನು ಹೆಚ್ಚು ಕಡಮೆ ಮಾಡಿದಂತೆಲ್ಲ ಈ ಅಣುಗಳು ತಿರುಗಿ ನಿಂತು, ಹಿಂದಣ ಬೆಳಕನ್ನು ಬಿಡುತ್ತವೆ ಇಲ್ಲವೆ ತಡೆಯುತ್ತವೆ. ಈ ದ್ರವ್ಯದ ವಿಶೇಷವನ್ನು 1888ರಲ್ಲಿ ಮೊದಲು ಗಮನಿಸಿದವನು ಫ್ರೀಡ್ರಿಕ್ ರೈನಿಟ್ಜರ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿ. ಅದನ್ನು ಪರದೆಯಾಗಿ ಬಳಸುವ ಉಪಾಯಗಳಲ್ಲಿ ಬಹುಕಾಲ ಬಾಳಿದುದನ್ನು 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೂಪಿಸಿದವರು ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಕ್. ಅಣುಗಳ ಸಾಲು ಒಂದು ಗಾಜಿನಿಂದ ಇನ್ನೊಂದು ಗಾಜಿನವರೆಗೆ ತಿರುಚಿಕೊಂಡು ಸಾಗುವ ಈ ರಚನೆಗೆ ಟಿಎನ್ ಎಂದು ಹೆಸರು.

ಟಿಎನ್ ಪರದೆಯನ್ನು ತಯಾರಿಸಲು ವೆಚ್ಚ ಕಡಮೆ. ಆದುದರಿಂದಲೇ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಅದು ಬಹುಕಾಲ ಉಳಿಯಿತು. ಆದರೆ ವಿದ್ಯುತ್ತಿನ ಒತ್ತಡ ಬಿದ್ದಾಗ ಅದರ ಅಣುಗಳು ಗಾಜಿನ ಮೇಲೆ ಓರೆಯಾಗಿ ಎದ್ದು ನಿಲ್ಲುವುದರಿಂದ, ನೇರವಾಗಿ ಎದುರಿಗೆ ಕುಳಿತವನಿಗೆ ಕಾಣುವ ಛಾಯೆ ಒಂದು, ಮೇಲಿನಿಂದಲೋ ಕೆಳಗಿನಿಂದಲೋ ನೋಡುವವನಿಗೆ ಕಾಣುವ ಛಾಯೆ ಮತ್ತೊಂದು. ಮನೆಯವರು ನಾಲ್ಕು ಮಂದಿ ಒಂದೇ ಲ್ಯಾಪ್‌ಟಾಪಿನ ಸುತ್ತ ಕುಳಿತಾಗ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಚಿತ್ರ ಕಾಣುವುದಕ್ಕೆ ಕಾರಣ ಇದೇ. 1996ರಲ್ಲಿ ಜಪಾನಿನ ಹಿಟಾಚಿ ಸಂಸ್ಥೆಯು ಮಾರುಕಟ್ಟೆಗೆ ತಂದ ಐಪಿಎಸ್ ಎಂಬ ಬಗೆಯಲ್ಲಿ ಅಣುಗಳು ಎದ್ದು ನಿಲ್ಲದೆ, ಗಾಜಿಗೆ ಸಮಾನಾಂತರವಾಗಿಯೇ ತಿರುಗುತ್ತವೆ. ಆದುದರಿಂದ ಯಾವ ಮಗ್ಗುಲಿನಿಂದ ನೋಡಿದರೂ ಬಣ್ಣವು ಬಹುಮಟ್ಟಿಗೆ ಸ್ಥಿರವಾಗಿರುತ್ತದೆ.

ಈ ವಿದ್ಯೆಯ ಬೆಳವಣಿಗೆಯಲ್ಲಿ ಕರ್ನಾಟಕಕ್ಕೂ ಗೌರವದ ಪಾಲುಂಟೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರು ಅಲ್ಲಿ ದ್ರವಸ್ಫಟಿಕಗಳ ಪ್ರಯೋಗಶಾಲೆಯನ್ನು ಕಟ್ಟಿದರು. ಅಲ್ಲಿಯವರೆಗೆ ದ್ರವಸ್ಫಟಿಕದ ಅಣುವೆಂದರೆ ಕಡ್ಡಿಯಂತೆ ನೀಳವಾಗಿರತಕ್ಕದ್ದೆಂಬುದು ಸಾಮಾನ್ಯ ನಂಬಿಕೆಯಾಗಿರಲು, 1977ರಲ್ಲಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡಗೂಡಿ ಅವರು ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿಕೊಟ್ಟರು. ಮುಂದೆ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯು ಇಂಥ ಬಿಲ್ಲೆಯಾಕಾರದ ಅಣುಗಳನ್ನು ಲೇಪಿಸಿದ ತೆಳುಹಾಳೆಯೊಂದನ್ನು ಸಿದ್ಧಪಡಿಸಿ, ಅದನ್ನು ಟಿಎನ್ ಪರದೆಗೆ ಅಂಟಿಸುವುದರಿಂದ ನೋಟದ ಕೋನವು ಹಿಗ್ಗುವಂತೆ ಮಾಡಿತು. ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಕೇವಲ ಜಿಜ್ಞಾಸೆಯಿಂದ ನಡೆದ ಶೋಧವು ಜಗತ್ತಿನ ಮೇಜುಗಳ ಮೇಲಿನ ಪರದೆಗಳನ್ನು ಉತ್ತಮಪಡಿಸಿದ ಈ ವೃತ್ತಾಂತವನ್ನು ನಮ್ಮ ವಿದ್ಯಾರ್ಥಿಗಳು ಅರಿತಿರಬೇಕು.

ಬಿಂದುಗಳ ಲೆಕ್ಕ, ಕನ್ನಡದ ಅಕ್ಷರ

ಪರದೆಯ ಮೇಲಿನ ಚಿತ್ರವೆಲ್ಲ ಪಿಕ್ಸೆಲ್ ಎಂದು ಕರೆಯುವ ಸೂಕ್ಷ್ಮ ಬಿಂದುಗಳಿಂದ ಆದದ್ದು. ಅಗ್ಗದ ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೆ ಎಚ್‌ಡಿ ಎಂದು ಬರೆದಿದ್ದರೆ ಅಡ್ಡಕ್ಕೆ 1366, ಉದ್ದಕ್ಕೆ 768, ಒಟ್ಟು ಸುಮಾರು ಹತ್ತೂವರೆ ಲಕ್ಷ ಬಿಂದುಗಳಿವೆಯೆಂದು ಅರ್ಥ; ಫುಲ್ ಎಚ್‌ಡಿ ಎಂದಿದ್ದರೆ 1920ಕ್ಕೆ 1080, ಎಂದರೆ ಸುಮಾರು ಇಪ್ಪತ್ತು ಮುಕ್ಕಾಲು ಲಕ್ಷ. ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ ಅಂಗುಲಗಳಲ್ಲಿ ಹೇಳುವುದು ವಾಡಿಕೆ. ಸಾಮಾನ್ಯವಾದ 15.6 ಅಂಗುಲದ ಪರದೆಯಲ್ಲಿ ಎಚ್‌ಡಿ ಆದರೆ ಒಂದು ಅಂಗುಲದಲ್ಲಿ ಸುಮಾರು 100 ಬಿಂದುಗಳೂ, ಫುಲ್ ಎಚ್‌ಡಿ ಆದರೆ ಸುಮಾರು 141 ಬಿಂದುಗಳೂ ಹಿಡಿಯುತ್ತವೆ.

ಈ ಅಂತರವು ಇಂಗ್ಲಿಷ್ ಓದುವವನಿಗಿಂತ ಕನ್ನಡ ಓದುವವನನ್ನು ಹೆಚ್ಚಾಗಿ ಬಾಧಿಸುತ್ತದೆ. ರೋಮನ್ ಲಿಪಿಯ ಅಕ್ಷರಗಳು ಒಂದೇ ಸಾಲಿನಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡದ ಅಕ್ಷರವಾದರೋ ದುಂಡಾಗಿದ್ದು, ಮೇಲೆ ಗುಣಿತದ ಚಿಹ್ನೆಯನ್ನು ಹೊತ್ತು, ಕೆಳಗೆ ಒತ್ತಕ್ಷರವನ್ನು ಇಳಿಬಿಡುತ್ತದೆ. ‘ಸ್ವಾತಂತ್ರ್ಯ’, ‘ರಾಷ್ಟ್ರ’ ಮೊದಲಾದ ಶಬ್ದಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳು ಕೂಡಿಕೊಳ್ಳುತ್ತವೆ. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಭೇದವೆಲ್ಲ ಅಕ್ಷರದ ಬುಡದಲ್ಲಿರುವ ಒಂದು ಚಿಕ್ಕ ಗೀಟಿನಲ್ಲಿ ಅಡಗಿದೆ. ಹನ್ನೊಂದು ಪಾಯಿಂಟಿನ ಅಕ್ಷರಕ್ಕೆ ಎಚ್‌ಡಿ ಪರದೆಯಲ್ಲಿ ದೊರೆಯುವ ಎತ್ತರ ಸುಮಾರು ಹದಿನೈದು ಬಿಂದುಗಳಷ್ಟೇ. ಅದರಲ್ಲಿ ಗುಣಿತಕ್ಕೆ ಕೆಲವು, ಮೂಲಾಕ್ಷರಕ್ಕೆ ಕೆಲವು ಹೋಗಿ, ಒತ್ತಕ್ಷರಕ್ಕೆ ಉಳಿಯುವುದು ಬೆರಳೆಣಿಕೆಯಷ್ಟು. ಆ ಕೆಲವೇ ಚುಕ್ಕೆಗಳಲ್ಲಿ ತ ಒತ್ತನ್ನೂ ನ ಒತ್ತನ್ನೂ ಬೇರೆಬೇರೆಯಾಗಿ ತೋರಿಸುವುದು ಯಾವ ಫಾಂಟಿನ ನಿರ್ಮಾತೃವಿಗೂ ಕಷ್ಟ. ಓದುಗನ ಬುದ್ಧಿಯು ಸಂದರ್ಭವನ್ನು ನೋಡಿ ಶಬ್ದವನ್ನು ಊಹಿಸಿಕೊಳ್ಳುತ್ತದೆಯಾದರೂ, ಈ ಊಹೆಯ ಶ್ರಮವು ದಿನವಿಡೀ ಸಂಚಿತವಾಗಿ ಸಂಜೆಗೆ ಕಣ್ಣುರಿಯೂ ತಲೆನೋವೂ ಆಗಿ ಪರಿಣಮಿಸಬಹುದು. ಕರಡು ತಿದ್ದುವವನಿಗೆ ಇದರ ಕಷ್ಟ ಇನ್ನೂ ಹೆಚ್ಚು. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರಿನ ಮಹಾಪ್ರಾಣವೊಂದು ತಪ್ಪಿದರೆ ಅದು ಅಚ್ಚಾದ ಮೇಲೆಯೇ ಕಣ್ಣಿಗೆ ಬೀಳುತ್ತದೆ.

ಕಲ್ಲೋಳಿಯಲ್ಲಿ ದೊರೆತ, ರಟ್ಟ ವಂಶದ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ, ಕ್ರಿ.ಶ. 1204ರ ಜೈನ ಬಸದಿಯ ಶಾಸನವು ನಾಡಿನ ಇತಿಹಾಸಕಾರರಿಗೆ ಪರಿಚಿತವಾದುದು. ಕಲ್ಲಿನಲ್ಲಿ ಕೆತ್ತುವ ಶಿಲ್ಪಿಗೆ ಅಕ್ಷರದ ಗಾತ್ರವನ್ನೂ ಗೀಟಿನ ಆಳವನ್ನೂ ತಾನೇ ನಿಶ್ಚಯಿಸುವ ಸ್ವಾತಂತ್ರ್ಯವಿತ್ತು. ಇಂದು ಅದೇ ಊರಿನಲ್ಲಿ ಕನ್ನಡವನ್ನು ಟೈಪು ಮಾಡುವವನಿಗೆ ಆ ಸ್ವಾತಂತ್ರ್ಯವಿಲ್ಲ. ಕಾರ್ಖಾನೆಯು ಕೊಟ್ಟಷ್ಟು ಬಿಂದುಗಳಲ್ಲಿಯೇ ಅವನ ಅಕ್ಷರಗಳು ರೂಪುಗೊಳ್ಳಬೇಕು. ಆದುದರಿಂದ ಕನ್ನಡಿಗನು ಪರದೆಯನ್ನು ಆರಿಸುವಾಗ ಹೊಳಪನ್ನೂ ಅಂದವನ್ನೂ ಹಿಂದಿಟ್ಟು, ಅಕ್ಷರದ ಸ್ಪಷ್ಟತೆಯನ್ನೇ ಮೊದಲ ಲಕ್ಷಣವಾಗಿ ಇಟ್ಟುಕೊಳ್ಳಬೇಕು.

ಹೊರಗಿನ ಮಾನಿಟರು

ಎರಡು ಮಾರ್ಗಗಳಲ್ಲಿ ಮೊದಲು ಪರಿಶೀಲಿಸತಕ್ಕದ್ದು ಹೊರಗಿನ ಮಾನಿಟರನ್ನು. ಇದರಲ್ಲಿ ಯಂತ್ರವನ್ನು ಬಿಚ್ಚುವ ಭಯವಿಲ್ಲ. ಲ್ಯಾಪ್‌ಟಾಪು ಮುಂದೊಂದು ದಿನ ಕೆಟ್ಟುಹೋದರೂ ಮಾನಿಟರು ಉಳಿದು ಮುಂದಿನ ಯಂತ್ರಕ್ಕೆ ಒದಗುತ್ತದೆ. ಇಪ್ಪತ್ತೆರಡು ಅಂಗುಲದ ಫುಲ್ ಎಚ್‌ಡಿ ಮಾನಿಟರುಗಳು ಹತ್ತು ಸಾವಿರ ರೂಪಾಯಿಗಳ ಒಳಗೇ ದೊರೆಯುತ್ತವೆ.

ಗಾತ್ರದ ಆಯ್ಕೆಯಲ್ಲಿ ಒಂದು ಎಚ್ಚರ ಬೇಕು. ಫುಲ್ ಎಚ್‌ಡಿಯ ಬಿಂದುಗಳ ಸಂಖ್ಯೆ ಪರದೆ ದೊಡ್ಡದಾದ ಮಾತ್ರಕ್ಕೆ ಹೆಚ್ಚುವುದಿಲ್ಲ. 21.5 ಅಂಗುಲದ ಮಾನಿಟರಿನಲ್ಲಿ ಅಂಗುಲಕ್ಕೆ 102 ಬಿಂದುಗಳಿದ್ದರೆ, 24 ಅಂಗುಲದಲ್ಲಿ 92, 27 ಅಂಗುಲದಲ್ಲಿ ಕೇವಲ 82. ಹಾಗಾದರೆ 24 ಅಂಗುಲದ ಮಾನಿಟರು ಅಗ್ಗದ ಲ್ಯಾಪ್‌ಟಾಪಿನ 100 ಬಿಂದುಗಳ ಪರದೆಗಿಂತ ಕೀಳಲ್ಲವೆ ಎಂದು ಕೇಳಬಹುದು. ಕೀಳಲ್ಲ, ಏಕೆಂದರೆ ಲ್ಯಾಪ್‌ಟಾಪನ್ನು ನಾವು ಸುಮಾರು ಐವತ್ತು ಸೆಂಟಿಮೀಟರ್ ದೂರದಿಂದಲೂ, ಮಾನಿಟರನ್ನು ಅರವತ್ತು ಎಪ್ಪತ್ತು ಸೆಂಟಿಮೀಟರ್ ದೂರದಿಂದಲೂ ನೋಡುವುದರಿಂದ ಕಣ್ಣಿಗೆ ಬಿಂದುಗಳು ಅಷ್ಟೇ ಸೂಕ್ಷ್ಮವಾಗಿ ತೋರುತ್ತವೆ, ಮೇಲಾಗಿ ಹೆಚ್ಚಿನ ಸ್ಥಳವಿರುವುದರಿಂದ ಅಕ್ಷರವನ್ನು ದೊಡ್ಡದಾಗಿಸಿ ಅದಕ್ಕೆ ಹೆಚ್ಚು ಬಿಂದುಗಳನ್ನು ಕೊಡಬಹುದು. ಆದರೆ 27 ಅಂಗುಲದ ಫುಲ್ ಎಚ್‌ಡಿ ಮಾನಿಟರಿನಲ್ಲಿ ಈ ಲಾಭ ಕರಗಿಹೋಗುತ್ತದೆ. 27 ಅಂಗುಲವೇ ಬೇಕೆನ್ನುವವರು 2560ಕ್ಕೆ 1440 ಬಿಂದುಗಳಿರುವುದನ್ನು ಕೊಳ್ಳಬೇಕು; ಬರೆಯುವ ಓದುವ ಕೆಲಸಕ್ಕೆ 22 ಅಥವಾ 24 ಅಂಗುಲದ ಫುಲ್ ಎಚ್‌ಡಿ ಐಪಿಎಸ್ ಮಾನಿಟರು ಧಾರಾಳವಾಗಿ ಸಾಕು.

ಮಾನಿಟರನ್ನು ಕೊಳ್ಳುವ ಮೊದಲು ಲ್ಯಾಪ್‌ಟಾಪಿನ ಮಗ್ಗುಲನ್ನು ನೋಡಿ ಅಲ್ಲಿರುವ ಪೋರ್ಟುಗಳನ್ನು ಗುರುತಿಸಿಕೊಳ್ಳಬೇಕು. ಹದಿನೈದು ರಂಧ್ರಗಳ ನೀಲಿ ಬಣ್ಣದ ಅಗಲವಾದ ಕಿಂಡಿಯು ವಿಜಿಎ. 1987ರಲ್ಲಿ ಐಬಿಎಂ ಸಂಸ್ಥೆಯು ಬಳಕೆಗೆ ತಂದ ಇದು ಹಳೆಯ ಬಗೆಯ ಅಲೆಯ ಸಂಕೇತವನ್ನು ಕಳುಹಿಸುವುದರಿಂದ ಅಕ್ಷರದ ಅಂಚು ಸ್ವಲ್ಪ ಮಸುಕಾಗಬಹುದು. ಅದರ ಬದಲಿಗೆ ಎಚ್‌ಡಿಎಂಐ ಇದ್ದರೆ ಅದನ್ನೇ ಬಳಸಬೇಕು. ಹತ್ತು ವರ್ಷ ಹಳೆಯದಾದ ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟು ಕೂಡ ಫುಲ್ ಎಚ್‌ಡಿ ಚಿತ್ರವನ್ನು ಸೆಕೆಂಡಿಗೆ ಅರವತ್ತು ಬಾರಿ ನಿರಾಯಾಸವಾಗಿ ಕಳುಹಿಸಬಲ್ಲದು. 4ಕೆ ಎಂಬ ಇನ್ನೂ ಸೂಕ್ಷ್ಮವಾದ ಮಾನಿಟರನ್ನು ಅದಕ್ಕೆ ಜೋಡಿಸಿದರೆ ಮಾತ್ರ ಸೆಕೆಂಡಿಗೆ ಮೂವತ್ತೇ ಬಾರಿ ಚಿತ್ರ ಬದಲಾಗಿ, ಮೌಸಿನ ಬಾಣವು ತಡವರಿಸಿದಂತೆ ಕಾಣುವುದು. ಲ್ಯಾಪ್‌ಟಾಪಿನಲ್ಲಿ ವಿಜಿಎ ಮಾತ್ರವಿದ್ದು ಮಾನಿಟರಿನಲ್ಲಿ ಎಚ್‌ಡಿಎಂಐ ಮಾತ್ರವಿದ್ದರೆ ಬರಿಯ ಕೇಬಲು ಸಾಲದು; ಸಂಕೇತವನ್ನು ಪರಿವರ್ತಿಸುವ ಕನ್ವರ್ಟರು ಬೇಕು, ಮತ್ತು ಅದು ವಿಜಿಎಯಿಂದ ಎಚ್‌ಡಿಎಂಐಗೆ ಪರಿವರ್ತಿಸುವುದೇ ಹೊರತು ವಿರುದ್ಧ ದಿಕ್ಕಿನದಲ್ಲವೆಂದು ಅಂಗಡಿಯಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಇನ್ನು ಅಂಡಾಕಾರದ ಯುಎಸ್‌ಬಿ ಸಿ ಪೋರ್ಟನ್ನು ಕಂಡೊಡನೆ ಅದು ಚಿತ್ರವನ್ನೂ ಕಳುಹಿಸುವುದೆಂದು ನಂಬಬಾರದು. ಅಗ್ಗದ ಯಂತ್ರಗಳಲ್ಲಿ ಅನೇಕ ವೇಳೆ ಅದು ಕೇವಲ ಕಡತಗಳ ಸಾಗಾಟಕ್ಕಷ್ಟೇ ಉಪಯುಕ್ತವಾಗಿರುತ್ತದೆ.

ಕೇಬಲನ್ನು ಜೋಡಿಸಿದ ಮೇಲೆ ವಿಂಡೋಸ್ ಕೀಲಿಯನ್ನೂ ಪಿ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ನಾಲ್ಕು ಆಯ್ಕೆಗಳು ತೋರುತ್ತವೆ: ಲ್ಯಾಪ್‌ಟಾಪಿನ ಪರದೆ ಮಾತ್ರ, ಎರಡರಲ್ಲಿಯೂ ಒಂದೇ ಚಿತ್ರ, ಎರಡನ್ನೂ ಕೂಡಿಸಿ ವಿಸ್ತರಿಸಿದ ಒಂದೇ ಅಂಗಳ, ಹೊರಗಿನ ಮಾನಿಟರು ಮಾತ್ರ. ಇವುಗಳಲ್ಲಿ ಮೂರನೆಯದೇ ನಿಜವಾದ ಲಾಭದ್ದು. ಗ್ರಾಮ ಒನ್ ಕೇಂದ್ರದ ಯುವಕನು ಒಂದು ಪರದೆಯ ಮೇಲೆ ರೈತನ ಪಹಣಿಯನ್ನು ತೆರೆದಿಟ್ಟು, ಇನ್ನೊಂದರ ಮೇಲೆ ಅರ್ಜಿಯನ್ನು ತುಂಬಬಹುದು. ಲೆಕ್ಕಿಗನು ಟ್ಯಾಲಿಯ ಪುಸ್ತಕವನ್ನೂ ಬ್ಯಾಂಕಿನ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿ ಹೋಲಿಸಬಹುದು. ವಿದ್ಯಾರ್ಥಿನಿಯು ಪಾಠದ ವಿಡಿಯೋವನ್ನು ನೋಡುತ್ತ ಟಿಪ್ಪಣಿಯನ್ನು ಬರೆಯಬಹುದು. ಒಂದೇ ಕಿರಿದಾದ ಪರದೆಯಲ್ಲಿ ಕಿಟಕಿಗಳನ್ನು ಹಿಂದೆ ಮುಂದೆ ಸರಿಸುತ್ತ, ಸರ್ವೆ ನಂಬರನ್ನು ನೆನಪಿನಲ್ಲಿಟ್ಟುಕೊಂಡು ಬರೆಯುವಾಗ ಅಂಕಿಯೊಂದು ತಪ್ಪಿ ರೈತನು ಮತ್ತೆ ಮತ್ತೆ ಅಲೆಯಬೇಕಾಗುವ ಸಂಕಟವು ಎರಡನೆಯ ಪರದೆಯಿಂದ ಬಹಳಷ್ಟು ತಗ್ಗುವುದು. ನನ್ನ ದೃಷ್ಟಿಯಲ್ಲಿ ಇದು ಅನುಕೂಲದ ಮಾತಷ್ಟೇ ಅಲ್ಲ, ಸಾರ್ವಜನಿಕ ಸೇವೆಯ ಗುಣಮಟ್ಟದ ಮಾತು.

ಸೆಟ್ಟಿಂಗ್ಸಿನಲ್ಲಿ ಎರಡು ಸಂಗತಿಗಳನ್ನು ಸರಿಪಡಿಸಿಕೊಳ್ಳಬೇಕು. ರೆಸಲ್ಯೂಷನ್ ಎಂಬಲ್ಲಿ ಮಾನಿಟರಿನ ಸಹಜ ಸಂಖ್ಯೆಯನ್ನೇ, ಎಂದರೆ ಫುಲ್ ಎಚ್‌ಡಿಗೆ 1920ಕ್ಕೆ 1080ನ್ನೇ, ಇಡಬೇಕು. ಅಕ್ಷರ ದೊಡ್ಡದಾಗಲೆಂದು ಇದನ್ನು ತಗ್ಗಿಸುವುದು ತಪ್ಪು, ಅದರಿಂದ ಇಡೀ ಚಿತ್ರ ಮಸುಕಾಗುವುದು. ಅಕ್ಷರವನ್ನು ದೊಡ್ಡದು ಮಾಡುವ ಸರಿಯಾದ ವಿಧಾನವೆಂದರೆ ಸ್ಕೇಲ್ ಎಂಬುದನ್ನು ನೂರರಿಂದ ನೂರ ಇಪ್ಪತ್ತೈದು ಪ್ರತಿಶತಕ್ಕೆ ಏರಿಸುವುದು. ಹೀಗೆ ಮಾಡಿದಾಗಲೂ ಫುಲ್ ಎಚ್‌ಡಿ ಪರದೆಯಲ್ಲಿ 1536ಕ್ಕೆ 864ರಷ್ಟು ಕೆಲಸದ ಅಂಗಳ ಉಳಿಯುತ್ತದೆ. ಅದು ಎಚ್‌ಡಿ ಲ್ಯಾಪ್‌ಟಾಪಿನ ಅಂಗಳಕ್ಕಿಂತ ವಿಸ್ತಾರವಾದದ್ದು, ಜೊತೆಗೆ ಪ್ರತಿಯೊಂದು ಅಕ್ಷರಕ್ಕೂ ಹೆಚ್ಚಿನ ಬಿಂದುಗಳು ದೊರೆತು ಒತ್ತಕ್ಷರವು ಸ್ಪಷ್ಟವಾಗಿ ಮೂಡುತ್ತದೆ.

ಮನೆಯಲ್ಲಿರುವ ದೂರದರ್ಶನದ ಪೆಟ್ಟಿಗೆಯನ್ನೇ ಮಾನಿಟರಾಗಿ ಬಳಸಬಾರದೆ ಎಂಬ ಪ್ರಶ್ನೆ ಸಹಜ. ಬಳಸಬಹುದು, ಆದರೆ ಮಿತಿಯನ್ನು ತಿಳಿದು. 32 ಅಂಗುಲದ ಅನೇಕ ಟಿವಿಗಳಲ್ಲಿ ಇರುವುದು 1366ಕ್ಕೆ 768 ಬಿಂದುಗಳೇ. ಅಂಗುಲಕ್ಕೆ ಐವತ್ತು ಬಿಂದುಗಳೂ ಬೀಳದ ಆ ಪರದೆಯ ಹತ್ತಿರ ಕುಳಿತು ಕನ್ನಡವನ್ನು ಓದುವುದು ಕಣ್ಣಿಗೆ ಹಿತವಲ್ಲ. ದೂರದಲ್ಲಿ ಕುಳಿತು ಪಾಠದ ವಿಡಿಯೋ ನೋಡುವುದಕ್ಕೆ ಅದು ಯೋಗ್ಯ, ಬರೆಯುವುದಕ್ಕೆ ಅಲ್ಲ.

ವಿದ್ಯುತ್ತಿನ ವಿಚಾರವೂ ನಮ್ಮ ಸೀಮೆಯಲ್ಲಿ ಗಣನೀಯ. ಗೋಕಾಕ ಜಲಪಾತದ ಬಳಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ನೀರಿನಿಂದ ವಿದ್ಯುತ್ತನ್ನು ತೆಗೆದ, 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿ ತಾನೇ ಮನೆಮನೆಗೆ ಕರೆಂಟು ಹಂಚಿಕೊಂಡ ಈ ನಾಡಿನಲ್ಲಿಯೂ ಬೇಸಗೆಯ ದಿನಗಳಲ್ಲಿ ಕರೆಂಟು ಹೋಗುವುದು ಹೊಸತಲ್ಲ. ಲ್ಯಾಪ್‌ಟಾಪಿಗೆ ಸ್ವಂತ ಬ್ಯಾಟರಿಯುಂಟು, ಮಾನಿಟರಿಗೆ ಇಲ್ಲ. ಆದರೆ ಕರೆಂಟು ಹೋದಾಗ ಮಾನಿಟರು ಆರಿದರೂ ಕೆಲಸವು ನಾಶವಾಗುವುದಿಲ್ಲ. ಅದು ಲ್ಯಾಪ್‌ಟಾಪಿನ ಒಳಗೆ ಭದ್ರವಾಗಿದ್ದು, ಕೇಬಲನ್ನು ತೆಗೆದೊಡನೆ ಕಿಟಕಿಗಳೆಲ್ಲ ಲ್ಯಾಪ್‌ಟಾಪಿನ ಪರದೆಗೆ ಮರಳುತ್ತವೆ. 22 ರಿಂದ 24 ಅಂಗುಲದ ಎಲ್‌ಇಡಿ ಮಾನಿಟರು ಸಾಮಾನ್ಯವಾಗಿ ಬಳಸುವುದು ಹದಿನೈದರಿಂದ ಇಪ್ಪತ್ತೈದು ವಾಟಿನಷ್ಟನ್ನೇ ಆದುದರಿಂದ, ಮನೆಯ ಇನ್ವರ್ಟರಿನ ಮೇಲೆ ಅದನ್ನು ನಡೆಸುವುದು ದೊಡ್ಡ ಹೊರೆಯೇನೂ ಅಲ್ಲ.

ಮಾನಿಟರಿನ ಇನ್ನೊಂದು ಉಪಕಾರವು ಕೊರಳಿಗೆ ಸಂಬಂಧಿಸಿದ್ದು. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಕೈಗೆ ಅನುಕೂಲವಾದ ಎತ್ತರದಲ್ಲಿಟ್ಟರೆ ಕೊರಳು ಬಾಗಬೇಕು, ಕಣ್ಣಿಗೆ ಅನುಕೂಲವಾದ ಎತ್ತರದಲ್ಲಿಟ್ಟರೆ ಕೈ ಎತ್ತಬೇಕು. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರುವಂತೆ, ಬೇಕಾದರೆ ದಪ್ಪ ಪುಸ್ತಕಗಳ ಮೇಲೆ, ತೋಳಿನಳತೆಯ ದೂರದಲ್ಲಿ ಅದನ್ನು ನಿಲ್ಲಿಸಬೇಕು. ಕೋಣೆಯ ಕಿಟಕಿಯು ಬೆನ್ನಿಗಾಗಲಿ ಎದುರಿಗಾಗಲಿ ಇರದೆ ಮಗ್ಗುಲಿಗಿರಬೇಕು. ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಸೆಕೆಂಡುಗಳ ಕಾಲ ಇಪ್ಪತ್ತು ಅಡಿ ಆಚೆಗಿನ ವಸ್ತುವಿನ ಮೇಲೆ ದೃಷ್ಟಿಯಿಡಬೇಕೆಂಬ ನೇತ್ರವೈದ್ಯರ ನಿಯಮವನ್ನೂ ಪಾಲಿಸಬೇಕು.

ಒಳಗಿನ ಪ್ಯಾನೆಲು

ಲ್ಯಾಪ್‌ಟಾಪಿನ ಪರದೆಯನ್ನೇ ಬದಲಿಸುವುದು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಸಾರ್ಥಕ: ಇರುವ ಪರದೆ ಒಡೆದಿದ್ದರೆ, ಅಥವಾ ಯಂತ್ರವನ್ನು ಹೊತ್ತು ಊರೂರು ತಿರುಗುವುದು ಅನಿವಾರ್ಯವಾಗಿದ್ದರೆ. ‘ಡಿಸ್‌ಪ್ಲೇ ಹೋಗೇತಿ’ ಎಂದು ನಮ್ಮ ಕಡೆ ಎಲ್ಲರೂ ಹೇಳುವುದುಂಟಷ್ಟೆ; ಆದರೆ ಹೋದದ್ದು ನಿಜವಾಗಿ ಯಾವುದೆಂಬುದನ್ನು ಮೊದಲು ಪರೀಕ್ಷಿಸಬೇಕು. ಇದಕ್ಕೂ ಹೊರಗಿನ ಮಾನಿಟರೇ ಸಾಧನ. ಲ್ಯಾಪ್‌ಟಾಪಿಗೆ ಮಾನಿಟರನ್ನು ಜೋಡಿಸಿದಾಗ ಅದರಲ್ಲಿ ಚಿತ್ರವು ಶುದ್ಧವಾಗಿ ಬಂದರೆ ದೋಷವು ಪ್ಯಾನೆಲಿನಲ್ಲಿ ಅಥವಾ ಅದರ ಕೇಬಲಿನಲ್ಲಿ ಇರುವ ಸಂಭವವೇ ಹೆಚ್ಚು. ಲ್ಯಾಪ್‌ಟಾಪಿನ ಪರದೆಯಲ್ಲಿದ್ದ ಗೀರುಗಳೇ ಅದರಲ್ಲಿಯೂ ಕಂಡರೆ ದೋಷವು ಹೆಚ್ಚಾಗಿ ಮದರ್‌ಬೋರ್ಡಿನದು, ಪ್ಯಾನೆಲನ್ನು ಬದಲಿಸಿ ಫಲವಿಲ್ಲ. ಪರದೆಯನ್ನು ಹಿಂದೆ ಮುಂದೆ ಬಾಗಿಸಿದಾಗ ಚಿತ್ರವು ಬಂದು ಹೋಗುತ್ತಿದ್ದರೆ ಹಿಂಜಿನ ಬಳಿ ಸವೆದ ಕೇಬಲನ್ನು ಶಂಕಿಸಬೇಕು; ಕೇಬಲಿಗೆ ತಗಲುವ ವೆಚ್ಚ ಪ್ಯಾನೆಲಿಗಿಂತ ಬಹಳ ಕಡಮೆ.

ಪ್ಯಾನೆಲನ್ನು ಆರಿಸುವಾಗ ಲ್ಯಾಪ್‌ಟಾಪಿನ ಹೆಸರನ್ನಷ್ಟೇ ನಂಬದೆ, ಹಳೆಯ ಪ್ಯಾನೆಲಿನ ಬೆನ್ನಿನ ಮೇಲೆ ಅಂಟಿಸಿರುವ ಚೀಟಿಯ ಸಂಖ್ಯೆಯನ್ನು ನೋಡಬೇಕು. ಒಂದೇ ಮಾದರಿಯ ಲ್ಯಾಪ್‌ಟಾಪಿಗೆ ಕಂಪನಿಯು ಬೇರೆಬೇರೆ ಕಾರ್ಖಾನೆಗಳ ಪ್ಯಾನೆಲುಗಳನ್ನು ಹಾಕಿರುವುದುಂಟು. ಬಿಒಇ ಎಂಬ ಕಾರ್ಖಾನೆಯ ಚೀಟಿಯಲ್ಲಿ ಎನ್‌ಟಿ156ಡಬ್ಲ್ಯುಎಚ್‌ಎಂ ಎಂದು ಆರಂಭವಾದರೆ ಅದು 15.6 ಅಂಗುಲದ ಎಚ್‌ಡಿ ಟಿಎನ್. ಎನ್‌ವಿ156ಎಫ್‌ಎಚ್‌ಎಂ ಎಂದಿದ್ದರೆ ಅದೇ ಅಳತೆಯ, ನೋಟದ ಕೋನ ವಿಶಾಲವಾದ ಫುಲ್ ಎಚ್‌ಡಿ. ಎಯುಒ ಕಾರ್ಖಾನೆಯ ಬಿ156ಎಕ್ಸ್‌ಟಿಎನ್ ಮತ್ತು ಬಿ156ಎಚ್‌ಎಎನ್ ಎಂಬವುಗಳ ನಡುವಣ ಭೇದವೂ ಇದೇ. ಜೊತೆಗೆ ಗಮನಿಸಬೇಕಾದವು ಇನ್ನು ಮೂರು: ಕನೆಕ್ಟರಿನ ಪಿನ್ನುಗಳು ಮೂವತ್ತೋ ನಲವತ್ತೋ ಎಂಬುದು; ಪ್ಯಾನೆಲಿನ ಮಗ್ಗುಲಲ್ಲಿ ಸ್ಕ್ರೂ ಹಾಕುವ ಕಿವಿಗಳಿವೆಯೋ ಇಲ್ಲವೋ ಎಂಬುದು; ಹೊರಚೌಕದ ನಿಖರವಾದ ಉದ್ದಗಲ. ಹಳೆಯ ಕೆಲವು ಯಂತ್ರಗಳಲ್ಲಿ ಎಲ್‌ವಿಡಿಎಸ್ ಎಂಬ ಬೇರೆಯೇ ಪದ್ಧತಿಯಿದ್ದು, ಅದಕ್ಕೂ ಇಂದಿನ ಇಡಿಪಿ ಪದ್ಧತಿಗೂ ಹೊಂದಾಣಿಕೆಯಿಲ್ಲ. ಎರಡರಲ್ಲಿಯೂ ನಲವತ್ತು ಪಿನ್ನುಗಳ ಪ್ಯಾನೆಲುಗಳಿರುವುದರಿಂದ ಪಿನ್ನಿನ ಲೆಕ್ಕವೊಂದನ್ನೇ ನೆಚ್ಚಿ ಜೋಡಿಸುವುದು ಅಪಾಯಕರ.

ಎಚ್‌ಡಿ ಪ್ಯಾನೆಲಿನ ಸ್ಥಾನದಲ್ಲಿ ಫುಲ್ ಎಚ್‌ಡಿಯನ್ನು ಕೂಡಿಸಬಯಸುವವರು ಮರೆಯುವ ತೊಡಕೊಂದುಂಟು. ಇಡಿಪಿ ಕೇಬಲಿನಲ್ಲಿ ಚಿತ್ರದ ಸಂಕೇತಗಳು ಲೇನ್ ಎಂಬ ಜೋಡಿ ತಂತಿಗಳಲ್ಲಿ ಹರಿಯುತ್ತವೆ. ಎಚ್‌ಡಿ ಚಿತ್ರವು ಒಂದೇ ಲೇನಿನಲ್ಲಿ ಹಿಡಿಸುತ್ತದೆ. ಫುಲ್ ಎಚ್‌ಡಿಗೆ ಸಾಮಾನ್ಯವಾಗಿ ಎರಡು ಲೇನುಗಳು ಬೇಕು. ಕಾಸು ಉಳಿಸುವ ಸಲುವಾಗಿ ಕಾರ್ಖಾನೆಯು ಒಂದೇ ಲೇನಿನ ತಂತಿಗಳಿರುವ ಕೇಬಲನ್ನು ಹಾಕಿದ್ದರೆ, ಹೊಸ ಪ್ಯಾನೆಲು ಎಷ್ಟೇ ಒಳ್ಳೆಯದಾದರೂ ಅದರಲ್ಲಿ ಚಿತ್ರ ಸರಿಯಾಗಿ ಮೂಡದು, ಕೇಬಲನ್ನೂ ಬದಲಿಸಬೇಕಾಗುತ್ತದೆ. ಆದುದರಿಂದ ಅದೇ ಮಾದರಿಯ ಲ್ಯಾಪ್‌ಟಾಪು ಫುಲ್ ಎಚ್‌ಡಿ ಪರದೆಯೊಡನೆಯೂ ಮಾರಾಟವಾಗಿತ್ತೆ ಎಂಬುದನ್ನು ವಿಚಾರಿಸಿ, ಹಾಗಿದ್ದರೆ ಅದರ ಕೇಬಲಿನ ಸಂಖ್ಯೆಯನ್ನು ತಿಳಿದುಕೊಂಡ ಮೇಲೆಯೇ ಹಣ ಕೊಡುವುದು ವಿವೇಕ.

ಬಿಚ್ಚಿ ಜೋಡಿಸುವ ಕೆಲಸವು ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ಸೂಕ್ಷ್ಮ. ಚಾರ್ಜರನ್ನು ತೆಗೆದು, ಬ್ಯಾಟರಿಯ ಸಂಪರ್ಕವನ್ನೂ ಬಿಡಿಸಿದ ನಂತರವೇ ಪರದೆಗೆ ಕೈಹಾಕಬೇಕು. ವಿದ್ಯುತ್ತು ಹರಿಯುತ್ತಿರುವಾಗ ಕನೆಕ್ಟರನ್ನು ಎಳೆದರೆ ಮದರ್‌ಬೋರ್ಡಿನಲ್ಲಿರುವ ಹಿಂಬೆಳಕಿನ ಫ್ಯೂಸು ಸುಟ್ಟುಹೋಗಬಹುದು, ಆಗ ಹೊಸ ಪ್ಯಾನೆಲೂ ಕತ್ತಲಾಗಿಯೇ ಉಳಿಯುವುದು. ಸುತ್ತಣ ಪ್ಲಾಸ್ಟಿಕ್ಕಿನ ಚೌಕಟ್ಟನ್ನು ಲೋಹದ ಸ್ಕ್ರೂಡ್ರೈವರಿನಿಂದ ಮೀಟದೆ ಪ್ಲಾಸ್ಟಿಕ್ಕಿನ ತೆಳು ಬಿಲ್ಲೆಯಿಂದ ಬಿಡಿಸಬೇಕು. ಕನೆಕ್ಟರನ್ನು ಮೇಲಕ್ಕೆ ಎತ್ತದೆ, ಅಂಟುಪಟ್ಟಿಯನ್ನು ಸುಲಿದು ಸಮತಲವಾಗಿ ಜಾರಿಸಬೇಕು. ಚೌಕಟ್ಟನ್ನು ಮತ್ತೆ ಮುಚ್ಚುವ ಮೊದಲೇ ಯಂತ್ರವನ್ನು ಚಾಲೂ ಮಾಡಿ ನೋಡಬೇಕು. ಈ ಕೆಲಸವನ್ನು ಅನುಭವಸ್ಥರಾದ ರಿಪೇರಿಯವರಿಗೆ ಒಪ್ಪಿಸಿ ಮಜೂರಿ ಕೊಡುವುದೇ ಹೆಚ್ಚಿನವರಿಗೆ ಕ್ಷೇಮ. ಒಪ್ಪಿಸುವಾಗ ಪ್ಯಾನೆಲಿನ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿ, ಹಳೆಯ ಪ್ಯಾನೆಲನ್ನು ಮರಳಿ ಪಡೆಯಬೇಕು. ವಾರಂಟಿಯ ಅವಧಿ ಮುಗಿಯದ ಯಂತ್ರವನ್ನು ಮಾತ್ರ ಕಂಪನಿಯ ಸರ್ವಿಸ್ ಸೆಂಟರಿನ ಹೊರತು ಬೇರೆಲ್ಲಿಯೂ ಬಿಚ್ಚಿಸಬಾರದು. ಒಡೆದ ಪ್ಯಾನೆಲನ್ನು ತಿಪ್ಪೆಗೆ ಎಸೆಯುವುದೂ ಸಲ್ಲದು. ದೀಪಕ್ಕೆ ಎಲ್‌ಇಡಿಯ ಬದಲು ಸಣ್ಣ ಕೊಳವೆಯನ್ನು ಬಳಸುತ್ತಿದ್ದ ಹಳೆಯ ಪರದೆಗಳಲ್ಲಿ ಪಾದರಸವಿರುವುದರಿಂದ, ಅವುಗಳನ್ನು ಇ–ತ್ಯಾಜ್ಯವಾಗಿಯೇ ಒಪ್ಪಿಸತಕ್ಕದ್ದು.

ನಿರ್ಣಯ

ಇಷ್ಟನ್ನೂ ತೂಗಿ ನೋಡಿದ ಮೇಲೆ ನನಗೆ ತೋರುವ ಕ್ರಮ ಹೀಗಿದೆ. ಯಂತ್ರವು ಇಟ್ಟಲ್ಲಿಯೇ ಹೆಚ್ಚು ಕಾಲ ಇರುವುದಾದರೆ ಮೊದಲು ಮಾನಿಟರನ್ನು ಕೊಳ್ಳಿರಿ. ಕೇವಲ ಅಂದಕ್ಕಾಗಿ, ಸರಿಯಿರುವ ಪ್ಯಾನೆಲನ್ನು ಬಿಚ್ಚಿಸಬೇಡಿರಿ. ಪರದೆ ಒಡೆದಿದ್ದು ಯಂತ್ರವು ಮನೆಯಲ್ಲಿಯೇ ಇರುವುದಾದರೆ ಆಗಲೂ ಮಾನಿಟರೇ ಸಾಕು; ಒಡೆದ ಲ್ಯಾಪ್‌ಟಾಪು ಮಾನಿಟರಿನ ಪಕ್ಕದಲ್ಲಿ ಇನ್ನೂ ಹಲವು ವರ್ಷ ದುಡಿಯಬಲ್ಲದು. ಯಂತ್ರವು ಕಾಲೇಜಿಗೂ ಕಚೇರಿಗೂ ಓಡಾಡಬೇಕಾಗಿದ್ದು ಅದರ ಪರದೆ ಒಡೆದಿದ್ದರೆ, ಬದಲಿಸುವಾಗ ಹಳೆಯ ಎಚ್‌ಡಿಯನ್ನೇ ಮತ್ತೆ ಹಾಕಿಸದೆ, ಕೇಬಲು ಒಪ್ಪುವುದಾದರೆ ಫುಲ್ ಎಚ್‌ಡಿ ಐಪಿಎಸ್ಸನ್ನೇ ಕೂಡಿಸಿರಿ. ಹೊಸ ಲ್ಯಾಪ್‌ಟಾಪನ್ನು ಕೊಳ್ಳುವವರು ಪ್ರೊಸೆಸರು, ರ್‍ಯಾಮುಗಳ ಜೊತೆಗೆ ಪರದೆಯ ಬಗೆಯನ್ನೂ ಕೇಳಿ, ಅಂಗಡಿಯಲ್ಲಿಯೇ ಒಂದು ಪುಟ ಕನ್ನಡವನ್ನು ತೆರೆಸಿ, ಒತ್ತಕ್ಷರಗಳು ಬಿಡಿಯಾಗಿ ಕಾಣುತ್ತವೆಯೆ ಎಂದು ಕಣ್ಣಾರೆ ಪರೀಕ್ಷಿಸಿ ಕೊಳ್ಳಿರಿ.

ವೈಯಕ್ತಿಕವಾದ ಈ ಸಲಹೆಗಳ ಜೊತೆಗೆ ಸಂಸ್ಥೆಗಳಿಗೂ ಒಂದು ಬಿನ್ನಹವುಂಟು. ಪತ್ತಿನ ಸಂಘಗಳ ಆಡಳಿತ ಮಂಡಳಿಗಳೂ, ಗ್ರಂಥಾಲಯಗಳೂ, ಶಾಲಾ ಕಾಲೇಜುಗಳೂ, ಪಟ್ಟಣ ಪಂಚಾಯಿತಿಗಳೂ ತಮ್ಮಲ್ಲಿ ದಿನವಿಡೀ ಪರದೆಯ ಮುಂದೆ ಕುಳಿತು ಜನರ ಹೆಸರು, ಜಮೀನು, ಹಣಗಳ ವಿವರವನ್ನು ಬರೆಯುವವರಿಗೆ ಒಂದೊಂದು ಒಳ್ಳೆಯ ಮಾನಿಟರನ್ನು ಒದಗಿಸಲಿ. ಅದಕ್ಕೆ ತಗಲುವ ವೆಚ್ಚವು ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಅದರಿಂದ ಉಳಿಯುವುದು ದುಡಿಯುವವನ ಕಣ್ಣು, ತಪ್ಪುವುದು ರೈತನ ವ್ಯರ್ಥವಾದ ಅಲೆದಾಟ.